ಪಂಢರಿನಾಥ ಮಾಸ್ತರರ ಚಾರ್ಜು

ಮೊರಬದಲ್ಲಿ ಬಸ್ಸು ಇಳಿದು ಎರೆಹೊಲಗಳ ನಡುವೆ ಎರಡು ಕಿಲೋಮೀಟರು ನಡೆದರೆ ಆ ಊರು ಸಿಗುತ್ತದೆ. ಹೆಸರು ಬೇಡ, ಹೇಳಿದರೆ ನಾಳೆ ಯಾರಾದರೂ ಬಂದು ಜಗಳ ತೆಗೆದಾರು. ಅಲ್ಲಿಯ ಶಾಲೆಯಲ್ಲಿ ಪಂಢರಿನಾಥ ಮಾಸ್ತರರು ಹನ್ನೊಂದು ವರ್ಷ ಹೆಡ್‌ಮಾಸ್ತರರಾಗಿದ್ದರು. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು, ಸರ್ಕಾರ ಹೇಳಿರಲಿಲ್ಲ. ಖಾಯಂ ಹೆಡ್‌ಮಾಸ್ತರರು ವರ್ಗವಾಗಿ ಹೋದಾಗ, ಇನ್ನೊಬ್ಬರು ಬರುವ ತನಕ ನೋಡಿಕೊಂಡಿರಿ ಎಂದು ಇವರಿಗೆ ಚಾರ್ಜು ಕೊಟ್ಟಿದ್ದರು. ಇನ್ನೊಬ್ಬರು ಬರಲೇ ಇಲ್ಲ. ಶಾಲೆಯ ರಬ್ಬರ್ ಮುದ್ರೆಯಲ್ಲಿ ‘ಪ್ರಭಾರ ಮುಖ್ಯಾಧ್ಯಾಪಕರು’ ಎಂದಿತ್ತು. ಎರಡನೆಯ ವರ್ಷ ಒಂದು ಮಧ್ಯಾಹ್ನ ಮಾಸ್ತರರು ಆಫೀಸಿನ ಬಾಗಿಲು ಹಾಕಿಕೊಂಡು, ದಾಡಿ ಮಾಡುವ ಬ್ಲೇಡಿನಿಂದ ‘ಪ್ರಭಾರ’ವನ್ನು ಕೆತ್ತಿ ತೆಗೆದರು. ಅಂದಿನಿಂದ ಆ ಶಾಲೆಯ ಪ್ರತಿಯೊಂದು ಕಾಗದದ ಮೇಲೂ ‘ಮುಖ್ಯಾಧ್ಯಾಪಕರು’ ಎಂಬುದರ ಎಡಕ್ಕೆ ಒಂದು ನೀಲಿ ಕಲೆ ಬೀಳತೊಡಗಿತು. ಆ ಕಲೆ ಯಾತರದು ಎಂದು ಊರಿನಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ತಮಗೆ ಇಂಗ್ಲಿಷ್ ಬರುತ್ತದೆ ಎಂಬುದು ಮಾಸ್ತರರ ಇನ್ನೊಂದು ನಂಬಿಕೆ. ಅದಕ್ಕೆ ಅವರ ಹತ್ತಿರ ಇದ್ದ ಆಧಾರ ಒಂದೇ ಒಂದು ಪಾಠ. ಪ್ರತಿ ಜೂನ್ ತಿಂಗಳು ಏಳನೆಯ ತರಗತಿಗೆ ಹೋಗಿ, ಬೋರ್ಡಿನ ನಟ್ಟನಡುವೆ ಚಾರ್ಜ್ ಎಂಬ ಇಂಗ್ಲಿಷ್ ಶಬ್ದವನ್ನು ದಪ್ಪಗೆ ಬರೆದು, ಅದರ ಸುತ್ತ ಒಂಬತ್ತು ಬಾಣ ಎಳೆಯುತ್ತಿದ್ದರು. ಒಂದೇ ಶಬ್ದ, ಒಂಬತ್ತು ಅರ್ಥ. ಸಾಹೇಬರು ತಪಾಸಣೆಗೆ ಬಂದರೂ ಇದೇ ಪಾಠ, ಊರ ಹಿರಿಯರು ಬಂದರೂ ಇದೇ ಪಾಠ.

“ಮೊರಬಕ್ಕ ಹೋಗಲಿಕ್ಕೆ ಕಂಡಕ್ಟರಗ ಏನು ಕೊಡ್ತೀರಿ?”

“ಚಾರ್ಜ್!” ಎಂದು ಮಕ್ಕಳು ಒದರುತ್ತಿದ್ದರು.

“ಮೊಬೈಲಿಗೆ ಏನು ಹಚ್ಚತೀರಿ?”

“ಚಾರ್ಜ್!”

“ಗದ್ಲಾ ಮಾಡಿದ್ರ ಪೊಲೀಸರು ಏನು ಮಾಡ್ತಾರ?”

“ಲಾಠಿ ಚಾರ್ಜ್!”

ಬಂಗಾರದ ಕೆಲಸದ ಪತ್ತಾರನ ಮೇಕಿಂಗ್ ಚಾರ್ಜು, ಕೋರ್ಟಿನ ಚಾರ್ಜ್‌ಶೀಟು ಎಲ್ಲ ಮುಗಿದ ಮೇಲೆ ಮಾಸ್ತರರು ಎದೆ ಉಬ್ಬಿಸಿ, ಒಂಬತ್ತನೆಯ ಬಾಣವನ್ನು ತಮ್ಮ ಕಡೆಗೇ ಎಳೆದಂತೆ ಎಳೆದು ಕೇಳುತ್ತಿದ್ದರು: “ಈ ಸಾಲಿ ಚಾರ್ಜ್ ಯಾರದು?”

“ನಿಮ್ಮದ್ರಿ ಸರ!”

ಒಂದು ವರ್ಷ ಹುಡುಗಿಯೊಬ್ಬಳು ಎದ್ದು, “ಹೆಣ್ಣಮಕ್ಕಳಿಗೆ ಈಗ ಬಸ್ ಚಾರ್ಜ್ ಇಲ್ರಿ ಸರ” ಎಂದಳು. ಅವಳು ಹೇಳಿದ್ದು ನಿಜವೇ. ಮಾಸ್ತರರು ಅವಳನ್ನು ಊಟದ ಗಂಟೆಯ ತನಕ ಬಾಗಿಲ ಹೊರಗೆ ನಿಲ್ಲಿಸಿದರು. ಅವರ ಒಂಬತ್ತು ಬಾಣಗಳಲ್ಲಿ ಒಂದನ್ನು ಕಿತ್ತುಹಾಕುವ ಧೈರ್ಯ ಸರ್ಕಾರಕ್ಕೂ ಇರಬಾರದಿತ್ತು.

ಇಂಥ ಮನುಷ್ಯನ ಕೈಗೆ ಒಂದು ಶಾಲೆಯ ಸಾಮಾನು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಚಾರ್ಜು ತೆಗೆದುಕೊಂಡ ದಿನವೇ ಮಾಸ್ತರರಿಗೆ ಒಂದು ಭಯ ಹೊಕ್ಕಿತು. ಮುಂದೊಂದು ದಿನ ಈ ಚಾರ್ಜನ್ನು ಇನ್ನೊಬ್ಬರಿಗೆ ಕೊಡಬೇಕಲ್ಲ, ಆಗ ಪಟ್ಟಿಯಲ್ಲಿದ್ದ ಒಂದು ವಸ್ತು ಕಡಿಮೆ ಬಿದ್ದರೂ ತಮ್ಮ ತಲೆಯ ಮೇಲೆ ಬರುತ್ತದಲ್ಲ ಎಂಬ ಭಯ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು: ಯಾರೂ ಯಾವುದನ್ನೂ ಮುಟ್ಟಬಾರದು. ಭೂಗೋಳದ ಗೋಲಕ್ಕೆ ಹಾಕಿದ ಪ್ಲಾಸ್ಟಿಕ್ ಚೀಲ ಹನ್ನೊಂದು ವರ್ಷ ಬಿಚ್ಚಲಿಲ್ಲ. ಆ ಶಾಲೆಯ ಮಕ್ಕಳು ಜಗತ್ತನ್ನು ಮಂಜಿನೊಳಗಿಂದ ನೋಡಿದರು. ಫುಟ್‌ಬಾಲುಗಳಿಗೆ ಗಾಳಿ ತುಂಬಲಿಲ್ಲ. ವಿಜ್ಞಾನದ ಪೆಟ್ಟಿಗೆಗೆ ಹಾಕಿದ ಅರಗಿನ ಮುದ್ರೆ ಹಾಗೆಯೇ ಇತ್ತು. ಮಕ್ಕಳೆಂದರೆ ಮಾಸ್ತರರ ಲೆಕ್ಕದಲ್ಲಿ ನಡೆದಾಡುವ ನಷ್ಟ.

ಎಲ್ಲಕ್ಕಿಂತ ಬಿಗಿಯಾದ ಬೀಗ ಇದ್ದದ್ದು ಪುಸ್ತಕದ ಬೀರುವಿಗೆ. ಯಾವುದೋ ಕಾಲದ ಸಾಗವಾನಿ ಬೀರು ಅದು, ಒಳಗೆ ನಾನೂರ ಹನ್ನೆರಡು ಪುಸ್ತಕ. ಅದರ ಬೀಗದ ಕೈ ಮಾಸ್ತರರ ಜನಿವಾರದಲ್ಲೇ ಇರುತ್ತಿತ್ತು. ವರ್ಷಕ್ಕೊಮ್ಮೆ, ಮಾರ್ಚ್ ಮೂವತ್ತೊಂದಕ್ಕೆ, ಬಾಗಿಲು ತೆರೆದು, ಫೂಟುಪಟ್ಟಿಯ ತುದಿಯಿಂದ ಪುಸ್ತಕದ ಬೆನ್ನಿಗೆ ಹಚ್ಚಿದ ನಂಬರು ಮುಟ್ಟುತ್ತ ಮುಟ್ಟುತ್ತ ಎಣಿಸಿ, ಪಟ್ಟಿಯ ಕೊನೆಗೆ ‘ಸರಿ ಇದೆ’ ಎಂದು ಬರೆದು ಮತ್ತೆ ಬೀಗ ಜಡಿಯುತ್ತಿದ್ದರು. ಒಂದು ಪುಸ್ತಕವನ್ನೂ ಹೊರಗೆ ಎಳೆದು ನೋಡಿದವರಲ್ಲ. ಒಳಗೆ ಏನು ಬರೆದಿದೆ ಎಂಬುದು ಪಟ್ಟಿಗೆ ಬೇಕಾದ ವಿಷಯವಾಗಿರಲಿಲ್ಲ.

ಆರು ವರ್ಷದ ಹಿಂದೆ ಕುಂದಗೋಳದ ಕಡೆಯಿಂದ ನಿಲೋಫರ್ ಟೀಚರು ಆ ಶಾಲೆಗೆ ವರ್ಗವಾಗಿ ಬಂದರು. ಐದನೆಯ ತರಗತಿ ಅವರದು. ಬಂದ ವಾರದಲ್ಲೇ ಬೀರುವಿನ ಕೀಲಿ ಕೇಳಿದರು.

“ಹುಡುಗರ ಕೈಯಾಗ ಪುಸ್ತಕ ಕೊಟ್ರ ಹರೀತಾವ” ಎಂದರು ಮಾಸ್ತರರು.

“ಹರದ್ರ ಹಚ್ಚಿ ಹೊಲಿಯೂಣ್ರಿ ಸರ.”

“ಹೊಲಿಯೂದು ನಿಮ್ಮ ಕೆಲಸ ಇರಬಹುದು. ಚಾರ್ಜ್ ನಂದದ.”

ಆ ಜೂನಿನಲ್ಲಿ ಒಂಬತ್ತು ಬಾಣದ ಪಾಠವನ್ನು ನಿಲೋಫರ್ ಬಾಗಿಲಲ್ಲಿ ನಿಂತು ಕೇಳಿದರು. ಮುಗಿದ ಮೇಲೆ ಮೆಲ್ಲಗೆ, “ಸರ, ಒಬ್ಬರ ಕೈಗೆ ನೋಡ್ಕೊಳ್ರಿ ಅಂತ ಒಪ್ಪಿಸಿದ ಕೂಸಿಗೂ ಇಂಗ್ಲಿಷಿನ್ಯಾಗ ಚಾರ್ಜ್ ಅಂತಾರ್ರಿ. ಅದೊಂದು ಬಿಟ್ಟೀರಿ” ಎಂದರು.

ಮಾಸ್ತರರು ಮೂಗು ಮುರಿದರು. “ಅದು ಪರೀಕ್ಷಾಕ್ಕ ಬರೂದಿಲ್ಲ.”

ನಿಲೋಫರ್ ಮತ್ತೆ ವಾದಿಸಲಿಲ್ಲ, ಕೀಲಿಯನ್ನೂ ಕೇಳಲಿಲ್ಲ. ಮಾಸ್ತರರು ಗೆದ್ದೆ ಎಂದುಕೊಂಡರು. ಗೆದ್ದೆ ಎಂದುಕೊಳ್ಳುವುದು ಅವರಿಗೆ ಬಹಳ ಸಲೀಸು.

ಆಫೀಸು ಮತ್ತು ಐದನೆಯ ತರಗತಿ ಮೊದಲು ಒಂದೇ ಹಾಲು. ನಡುವೆ ಗೋಡೆ ಕಟ್ಟದೆ ಆ ಬೀರುವನ್ನೇ ಅಡ್ಡ ಇಟ್ಟು, ಉಳಿದ ಸಂದಿಗೆ ಪ್ಲೈವುಡ್ ಬಡಿದಿದ್ದರು. ಬೀರುವಿನ ಬಾಗಿಲು ಮಾಸ್ತರರ ಕಡೆ, ಬೆನ್ನು ಮಕ್ಕಳ ಕಡೆ. ಬೆನ್ನ ಮೇಲೆ ಕರ್ನಾಟಕದ ದೊಡ್ಡ ನಕಾಶೆ ತೂಗುಬಿಟ್ಟಿತ್ತು. ನಕಾಶೆಯ ಹಿಂದಿನ ಹಲಗೆಗೆ ಇದ್ದವು ಬರೀ ಆರು ಸ್ಕ್ರೂ. ಬಿಸಿಯೂಟದ ಅಡುಗೆ ಮಾಡುವ ದುರ್ಗವ್ವನ ಹತ್ತಿರ ಗ್ಯಾಸ್ ಒಲೆ ರಿಪೇರಿ ಮಾಡುವ ಸ್ಕ್ರೂಡ್ರೈವರ್ ಇತ್ತು. ಒಂದು ಶನಿವಾರ ಮಾಸ್ತರರು ನವಲಗುಂದಕ್ಕೆ ಮೀಟಿಂಗಿಗೆ ಹೋದಾಗ, ಇಬ್ಬರು ಹೆಂಗಸರು ಸೇರಿ ಅರ್ಧ ತಾಸಿನಲ್ಲಿ ಆ ಹಲಗೆಯನ್ನು ಬಾಗಿಲು ಮಾಡಿದರು.

ಆಮೇಲೆ ಆರು ವರ್ಷ, ಮಾಸ್ತರರು ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತ ಕಾವಲು ಕೂತಿರುವಾಗ, ಅವರ ಬೆನ್ನ ಹಿಂದೆ ನಕಾಶೆ ಸರಿದು ಪುಸ್ತಕಗಳು ಹೊರಗೆ ಹೋಗಿಬರುತ್ತಿದ್ದವು. ಮಕ್ಕಳು ಒಯ್ದರು, ಮಕ್ಕಳಿಂದ ಅಕ್ಕಂದಿರು ಒಯ್ದರು, ಕಾಲೇಜಿಗೆ ಹೋಗುವವರು ಒಯ್ದರು, ಶಾಲೆಯ ಕಮಿಟಿಯ ಅಧ್ಯಕ್ಷ ಹೊಳೆಪ್ಪನವರು ಹೊಲಕ್ಕೆ ನೀರು ಹಾಯಿಸುವಾಗ ಓದಲು ಒಯ್ದರು. ನಿಲೋಫರ್ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಡುತ್ತಿದ್ದರು. ಮಾರ್ಚ್ ಕೊನೆಯ ವಾರ ಬಂತೆಂದರೆ ಊರಿನಲ್ಲಿ ಒಂದೇ ಮಾತು: ಪುಸ್ತಕ ತಂದು ಇಡ್ರಿ, ಮಾಸ್ತರ ಎಣಸ್ತಾರ. ಮೂವತ್ತಕ್ಕೆ ನಾನೂರ ಹನ್ನೆರಡೂ ಮರಳಿ ಗೂಡು ಸೇರುತ್ತಿದ್ದವು. ಮೂವತ್ತೊಂದಕ್ಕೆ ಮಾಸ್ತರರು ಫೂಟುಪಟ್ಟಿ ಹಿಡಿದು ‘ಸರಿ ಇದೆ’ ಎಂದು ಬರೆಯುತ್ತಿದ್ದರು. ಬೆನ್ನು ಸವೆದದ್ದು, ದಾರ ಹೊಲಿದದ್ದು, ಅರಿಷಿಣದ ಬೆರಳಚ್ಚು ಬಿದ್ದದ್ದು ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ಒಂದು ಇಡೀ ಊರು ಆರು ವರ್ಷ ಒಬ್ಬ ಮನುಷ್ಯನಿಂದ ಗುಟ್ಟು ಕಾಯ್ದುಕೊಂಡಿತ್ತು. ಅದಕ್ಕೆ ಬೇಕಾದ ಜಾಣತನ ಬಹಳ ಕಡಿಮೆ.

ಈ ವರ್ಷ ಜುಲೈ ಮೂವತ್ತೊಂದಕ್ಕೆ ಮಾಸ್ತರರ ನಿವೃತ್ತಿ. ಹಿರಿತನದಲ್ಲಿ ಚಾರ್ಜು ನಿಲೋಫರ್ ಟೀಚರಿಗೆ ಬರುವುದಿತ್ತು. ಪಟ್ಟಿಯಲ್ಲಿರುವುದೆಲ್ಲ ಮುಟ್ಟಿದೆ ಎಂದು ಅವರು ಸಹಿ ಹಾಕಿದರೆ ಮಾಸ್ತರರು ಪಾರು. ಆಮೇಲೆ ಕಡಿಮೆ ಬಿದ್ದದ್ದೆಲ್ಲ ಸಹಿ ಹಾಕಿದವರ ತಲೆಗೆ. ಸಹಿ ಬೀಳದಿದ್ದರೆ ಮಾಸ್ತರರ ನಿವೃತ್ತಿಯ ಕಾಗದಗಳು ಆಫೀಸಿನಿಂದ ಆಫೀಸಿಗೆ ಅಲೆಯುತ್ತವೆ. ಹನ್ನೊಂದು ವರ್ಷ ಅವರು ಬದುಕಿದ್ದೇ ಈ ಒಂದು ಸಹಿಗಾಗಿ. ಪುಸ್ತಕಗಳನ್ನು ಮೂವತ್ತೊಂದರ ಮುಂಜಾನೆ ತರಬೇಕೆಂದು ನಿಲೋಫರ್ ಊರಿಗೆಲ್ಲ ಹೇಳಿ ಕಳಿಸಿದ್ದರು. ಆದರೆ ಮಾಸ್ತರರಿಗೆ ತಡೆಯಲಾಗಲಿಲ್ಲ. ಮೂವತ್ತರ ಮಧ್ಯಾಹ್ನ, ನಿಲೋಫರ್ ತರಬೇತಿಗೆಂದು ಹೊರಗೆ ಹೋದಾಗ, ಕೊನೆಯ ಸಲ ಎಣಿಸಿ ಖುಷಿಪಡೋಣ ಎಂದು ಬೀಗ ತೆರೆದರು.

ನಾಲ್ಕು ಅರೆಗಳೂ ಬೋಳು. ಕೆಳಗಿನ ಅರೆಯಲ್ಲಿ ಹರಿದ ರಟ್ಟಿನ ಚೂರೊಂದು ಬಿದ್ದಿತ್ತು.

ಮಾಸ್ತರರು ಅರೆಗಳ ಮೇಲೆ ಫೂಟುಪಟ್ಟಿ ಆಡಿಸಿದರು. ಬಾಗಿಲು ಹಾಕಿ ಮತ್ತೊಮ್ಮೆ ತೆರೆದು ನೋಡಿದರು. ಆಮೇಲೆ ಅವರ ಬುದ್ಧಿ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು. ಆಫೀಸು ಗುಡಿಸುವವಳು ಯಾರು? ದುರ್ಗವ್ವ. ಬಡವಿ ಯಾರು? ದುರ್ಗವ್ವ. ಅಷ್ಟು ಸಾಕು.

“ಏ ದುರ್ಗವ್ವಾ! ಬಾ ಇಲ್ಲೆ!” ಮಕ್ಕಳು ಊಟಕ್ಕೆ ಕೂತ ಅಂಗಳದಲ್ಲೇ ಚೀರಿದರು. “ಪುಸ್ತಕ ಎಲ್ಲಿ? ಒಲಿಗೆ ಹಾಕಿದೇನು?”

“ಒಲಿ ಎಲ್ಲೈತ್ರಿ ಸರ? ಗ್ಯಾಸ್ ಬಂದು ಹತ್ತ ವರ್ಷಾತು” ಎಂದಳು ದುರ್ಗವ್ವ, ಸಾರಿನ ಸೌಟು ಕೆಳಗಿಡದೆ.

“ಕಳ್ಳಿ! ನಿನ್ನ ಮ್ಯಾಲೆ ಚಾರ್ಜ್‌ಶೀಟ್ ಹಾಕಸ್ತೇನಿ!”

“ಹಾಕಸ್ರಿ. ಅದು ಎಷ್ಟನೇ ಬಾಣರಿ ಸರ?”

ಮಕ್ಕಳು ಅನ್ನ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಮಾಸ್ತರರು ಆಫೀಸಿಗೆ ಓಡಿ ನಿಲೋಫರ್ ಟೀಚರಿಗೆ ಫೋನು ಹಚ್ಚಿದರು. ಅವರ ಫೋನಿನಲ್ಲಿ ಚಾರ್ಜ್ ಇರಲಿಲ್ಲವೋ ಏನೋ, ಸ್ವಿಚ್ ಆಫ್ ಬಂತು.

ಮನೆಗೆ ಬಂದವರೇ ಹೆಂಡತಿ ಮಥುರಾಬಾಯಿಯ ಮುಂದೆ ಕುಸಿದು ಕೂತು ಎಲ್ಲ ಹೇಳಿದರು. ಶಾಲೆಯ ಹಿಂದೆಯೇ ಎರಡು ಖೋಲಿಯ ಬಾಡಿಗೆ ಮನೆ ಅವರದು. ಮಥುರಾಬಾಯಿ ಚವಳಿಕಾಯಿ ಮುರಿಯುತ್ತ ಕೂತಿದ್ದರು.

“ನಾಳೆ ಸಿಗ್ತಾವ ಬಿಡ್ರಿ” ಎಂದರು.

“ನಾಳೆ ಸಿಗ್ತಾವಂತ! ನಿನಗೇನು ಗೊತ್ತು ಪುಸ್ತಕದ ಸುದ್ದಿ? ಚವಳಿಕಾಯಿ ಮುರಿ ನೀ.”

ಅವರು ಮುರಿದರು. ಮೂವತ್ತನಾಲ್ಕು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು.

ಮರುದಿನ ಮುಂಜಾನೆ ನಿಲೋಫರ್ ಬಸ್ಸಿಳಿದು ಶಾಲೆಯ ಗೇಟಿಗೆ ಬರುವಷ್ಟರಲ್ಲಿ ಮಾಸ್ತರರು ಪಟ್ಟಿ ಹಿಡಿದು ಅಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮುಚ್ಚಳ ತೆಗೆದ ಪೆನ್ನು. ಆರು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗೆ ಇತ್ತು.

“ಬರ್ರಿ ಟೀಚರ್, ಬರ್ರಿ. ಚಹಾ ಆತೇನ್ರಿ? ಸಮಾರಂಭದ ಗಡಿಬಿಡಿ ಅದ. ಮೊದಲ ಇಲ್ಲೊಂದು ಸಹಿ ಹಾಕಿಬಿಡ್ರಿ.”

“ನೋಡದನ ಹೆಂಗ ಹಾಕ್ಲಿರಿ ಸರ?”

“ನೋಡೂದೇನದ? ನಿನ್ನೆ ನಾನ ಬೀರು ತೆಗದು ಎಣಿಸೇನಿ. ನಾನೂರ ಹನ್ನೆರಡೂ ಅವ.”

ನಿಲೋಫರ್ ಮಾಸ್ತರರ ಮುಖವನ್ನೇ ನೋಡಿದರು. “ನಿನ್ನೆ ಎಣಿಸೀರಿ?”

“ನಿನ್ನೆ.”

“ಒಂದೂ ಕಮ್ಮಿ ಇಲ್ಲ?”

“ಪಾಂಡುರಂಗನಾಣಿಗೂ ಇಲ್ಲ.”

ಅರವತ್ತು ವರ್ಷದ ಮನುಷ್ಯ, ತನ್ನ ತಲೆಯ ಮೇಲಿನ ಕಲ್ಲನ್ನು ತನ್ನ ಜಾಗಕ್ಕೆ ಬರುವ ಹೆಣ್ಣುಮಗಳ ತಲೆಗೆ ದಾಟಿಸಲು ದೇವರನ್ನೂ ಸಾಕ್ಷಿಗೆ ಎಳೆದ. ಹನ್ನೊಂದು ವರ್ಷದ ಜವಾಬ್ದಾರಿಯೆಂದರೆ ಇಷ್ಟೇ ಆಗಿತ್ತು. ಥೂ ಎನ್ನಲಿಕ್ಕೂ ಉಗುಳು ದಂಡ.

“ಹಂಗಾರ ಚಲೋ ಆತ್ರಿ” ಎಂದರು ನಿಲೋಫರ್. “ಎಲ್ಲಾರ ಮುಂದ ಇನ್ನೊಮ್ಮೆ ಎಣಿಸೂಣು. ನಿಮಗೂ ಒಂದು ಗೌರವ.”

ಹತ್ತೂವರೆಗೆ ಐದನೆಯ ತರಗತಿಯಲ್ಲಿ ಊರು ಸೇರಿತು. ಮೇಜಿನ ಮೇಲೆ ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಹೊಳೆಪ್ಪನವರು ಅಧ್ಯಕ್ಷರ ಕುರ್ಚಿಯಲ್ಲಿ, ಮಥುರಾಬಾಯಿ ಹೆಂಗಸರ ಸಾಲಿನಲ್ಲಿ ಕೈಚೀಲ ಹಿಡಿದುಕೊಂಡು. ನಿಲೋಫರ್ ಎದ್ದು, “ಸರ ಚಾರ್ಜ್ ಕೊಡ್ತಾರ. ತರ್ರಿ” ಎಂದರು, ಅಷ್ಟೆ.

ಮಕ್ಕಳು ಸಾಲಾಗಿ ಬಂದರು. ಒಬ್ಬೊಬ್ಬರ ಪಾಟಿಚೀಲದಿಂದಲೂ ಒಂದು, ಎರಡು, ಮೂರು ಪುಸ್ತಕ ಹೊರಗೆ ಬಂದವು. ಹಿಂದೆ ದೊಡ್ಡವರು ಬಂದರು. ದುರ್ಗವ್ವ ಸೆರಗಿನಲ್ಲಿ ಕಟ್ಟಿಕೊಂಡು ಏಳು ತಂದಳು. ಹೊಳೆಪ್ಪನವರು ತಮ್ಮ ಕುರ್ಚಿಯ ಕೆಳಗಿಂದ ನಾಲ್ಕು ತೆಗೆದಿಟ್ಟು, “ಎರಡ ಇನ್ನೂ ಓದೂದೈತಿ” ಎಂದು ಗೊಣಗಿದರು. ನಿಲೋಫರ್ ನಕಾಶೆಯನ್ನು ಪಕ್ಕಕ್ಕೆ ಸರಿಸಿ, ಹಲಗೆ ತೆಗೆದು, ಪುಸ್ತಕಗಳನ್ನು ಹಿಂದಿನಿಂದ ಜೋಡಿಸತೊಡಗಿದರು. ಆಫೀಸಿಗೆ ಹೋಗಿ ಬೀರುವಿನ ಬೀಗ ತೆರೆದ ಮಾಸ್ತರರಿಗೆ ಆಗ ಬೀರುವಿನೊಳಗಿಂದ ಐದನೆಯ ತರಗತಿ ಕಾಣಿಸಿತು. ಅಲ್ಲಿಂದ ಮಕ್ಕಳು ಇವರನ್ನು ನೋಡುತ್ತಿದ್ದರು.

ಅವರಿಗೆ ಎಲ್ಲ ಗೊತ್ತಾಯಿತು. ಮುಖ ಹುಳ್ಳಗಾಯಿತು. ನಾಚಿಕೆ ಬರಬೇಕಾಗಿತ್ತು, ಬರಲಿಲ್ಲ. ಬಂದದ್ದು ಎಣಿಸುವ ಚಟ. ಫೂಟುಪಟ್ಟಿ ಕೈಗೆ ತೆಗೆದುಕೊಂಡು ಮಾಸ್ತರರು ಎಣಿಸತೊಡಗಿದರು. ಸಂಖ್ಯೆ ನಾನೂರಕ್ಕೆ ಬಂತು, ನಾನೂರ ಹತ್ತಕ್ಕೆ ಬಂತು, ನಾನೂರ ಹನ್ನೊಂದಕ್ಕೆ ನಿಂತಿತು.

“ಒಂದು ಕಮ್ಮಿ!” ತರಗತಿಗೆ ಓಡಿಬಂದ ಮಾಸ್ತರರ ದನಿಯಲ್ಲಿ ಜೀವ ಬಂದಿತ್ತು. “ಎರಡುನೂರಾ ನಾಲ್ಕನೇ ನಂಬರ್ ಇಲ್ಲ! ನೋಡ್ರಿ ಹೊಳೆಪ್ಪನವರ, ಇದಕ್ಕ ನಾ ಯಾರಿಗೂ ಕೊಡತಿರಲಿಲ್ಲ. ಟೀಚರ್, ಇದಕ್ಕ ನೀವ ಜವಾಬ್ದಾರಿ. ಬರದು ಕೊಡ್ರಿ. ಯಾರು ಒಯ್ದಾರ ಹೇಳ್ರಿ!”

ನಿಲೋಫರ್ ನೋಟ್‌ಬುಕ್ಕು ತೆರೆದು, ಅಲ್ಲಿದ್ದ ಹೆಸರಿನ ಮೇಲೆ ಬೆರಳು ಅಡ್ಡ ಹಿಡಿದರು.

ಹೆಂಗಸರ ಸಾಲಿನಲ್ಲಿ ಮಥುರಾಬಾಯಿ ಎದ್ದರು. ಮೆಲ್ಲಗೆ ನಡೆದು ಬಂದು, ಕೈಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಗಂಡನ ಕೈಗೆ ಕೊಟ್ಟರು. ಬೆನ್ನ ಮೇಲೆ ಎರಡುನೂರಾ ನಾಲ್ಕು ಎಂದಿತ್ತು.

ಮಾಸ್ತರರು ನಿಲೋಫರ್ ಟೀಚರ ನೋಟ್‌ಬುಕ್ಕಿಗೆ ಬಾಗಿದರು. ಮಥುರಾಬಾಯಿ, ಮಥುರಾಬಾಯಿ, ಮಥುರಾಬಾಯಿ ಎಂದು ಪುಟಕ್ಕೆ ಎರಡು ಮೂರು ಸಲ ಇತ್ತು. ಮೊದಲ ತಾರೀಖು ಐದು ವರ್ಷದ ಹಿಂದಿನದು. ದುರ್ಗವ್ವ ಒಯ್ದು ಕೊಟ್ಟು, ದುರ್ಗವ್ವ ಮರಳಿ ತಂದಿದ್ದಳು.

ಇಷ್ಟು ಜನರ ಮುಂದೆ ಏನಾದರೂ ಹೇಳಲೇಬೇಕಿತ್ತು. ಮಾಸ್ತರರು ಪುಸ್ತಕವನ್ನು ತಿರುಗಿಸಿದರು. ರಟ್ಟಿನ ಮೇಲೆ ದುಂಡಗೆ ಕಂದು ಕಲೆಗಳು ಒಂದರ ಮೇಲೊಂದು ಬಿದ್ದಿದ್ದವು. ಅವರ ಕಣ್ಣು ಮಿಂಚಿತು.

“ಡ್ಯಾಮೇಜ್! ನೋಡ್ರಿ, ಇದಕ್ಕ ನಾ ಹೇಳತಿದ್ದೆ. ಎಂಥಾ ಮಂದಿ ಕೈಗೆ ಕೊಟ್ಟೀರಿ! ಯಾರ ಮಾಡಿದ್ದಿದು?”

“ನಿಮ್ಮ ಚಹಾದ ಕಪ್ಪಿಂದದು” ಎಂದರು ಮಥುರಾಬಾಯಿ. “ಒಂದೂವರೆ ತಿಂಗಳಿಂದ ದಿನಾ ಮುಂಜಾನೆ ಇದರ ಮ್ಯಾಲೆ ಇಟಗೊಂಡು ಕುಡೀತೀರಿ.”

ಯಾರೂ ನಗಲಿಲ್ಲ. ನಗುವಷ್ಟೂ ಆ ಮನುಷ್ಯ ಉಳಿದಿರಲಿಲ್ಲ.

ನಿಲೋಫರ್ ಮಾಸ್ತರರ ಕೈಯಿಂದ ಪುಸ್ತಕ ಇಸಿದುಕೊಂಡು, ಪಟ್ಟಿ ಎಳೆದು, ನಾನೂರ ಹನ್ನೆರಡೂ ಮುಟ್ಟಿವೆ ಎಂದು ಬರೆದು ಸಹಿ ಹಾಕಿದರು. ಮಾಸ್ತರರು ಪಾರಾದರು. ಹೊಳೆಪ್ಪನವರು ಶಾಲು ಹೊದಿಸಿದರು. ಯಾರೋ ಒಬ್ಬರು ಕಾಗದ ನೋಡಿಕೊಂಡು, ಇವರು ಜವಾಬ್ದಾರಿಯ ಮನುಷ್ಯ, ಒಂದು ಸೂಜಿಯೂ ಕಳೆಯದಂತೆ ಶಾಲೆಯನ್ನು ಕಾಯ್ದರು ಎಂದು ಮೊದಲೇ ಬರೆದುಕೊಂಡಿದ್ದ ಭಾಷಣವನ್ನು ಬೇರೆ ದಾರಿಯಿಲ್ಲದೆ ಓದಿದರು. ಮಾಸ್ತರರು ಹೆಂಡತಿಯ ಕಡೆ ನೋಡಿದರು.

ಮಥುರಾಬಾಯಿ ನಿಲೋಫರ್ ಟೀಚರ ಹತ್ತಿರ ಬಾಗಿ ಕೇಳುತ್ತಿದ್ದರು: “ಸಹಿ ಆತಲ್ಲವಾ? ಹಂಗಾರ ಆ ಪುಸ್ತಕ ಇತ್ತ ಕೊಡು. ಇನ್ನೂ ಹನ್ನೆರಡು ಪುಟ ಉಳದಾವ.”

ಪುಸ್ತಕ ತೆಗೆದುಕೊಂಡು, ತಮ್ಮ ಜಾಗಕ್ಕೆ ಹೋಗಿ ಕೂತು, ಭಾಷಣ ಮುಗಿಯುವ ತನಕ ಅವರು ತಲೆ ಎತ್ತದೆ ಓದಿದರು.